ಟೆಕ್ಸಸ್ಸಿನಲ್ಲಿ ಪಲ್ಯ ಕಲಿಸಿದ ವರ್ಷಗಳು

ಡಯಟೀಶಿಯನ್ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗಿಯರು ಈಗಲೂ ಒಮ್ಮೊಮ್ಮೆ ಹ್ಯೂಸ್ಟನ್ ಪಕ್ಕದ ಪೇರ್ಲ್ಯಾಂಡಿನ ನಮ್ಮ ಮನೆಗೆ ಬರುತ್ತಾರೆ. "ಆಂಟಿ, ಈ ಕೆಲಸಕ್ಕೆ ಮುಖ್ಯವಾಗಿ ಏನು ಗೊತ್ತಿರಬೇಕು?" ಎಂದು ಕೇಳುತ್ತಾರೆ. ತೊಳೆದ ಬೆಂಡೆಕಾಯಿಯ ನೀರು ಒರೆಸುವುದು ಗೊತ್ತಿರಬೇಕು ಎಂದರೆ ನಗುತ್ತಾರೆ. ನಾನು ತಮಾಷೆಗೆ ಹೇಳಿದ್ದಲ್ಲ. ವಿಟಮಿನ್ನು, ಕ್ಯಾಲೊರಿ, ಸಕ್ಕರೆಯ ಲೆಕ್ಕ ಎಲ್ಲವನ್ನೂ ಕಾಲೇಜಿನಲ್ಲಿ ಚೆನ್ನಾಗಿಯೇ ಕಲಿಸುತ್ತಾರೆ. ಆದರೆ ಕೆಲಸ ಮುಗಿಸಿ ಸುಸ್ತಾಗಿ ಬಂದ ಮನುಷ್ಯ ಫ್ರಿಜ್ಜಿನ ಬಾಗಿಲು ತೆರೆದು ನಿಂತಾಗ ಅವನ ಕೈ ಬ್ರೆಡ್ಡಿನ ಕಡೆ ಹೋಗುತ್ತದೋ, ಬೆಂಡೆಕಾಯಿಯ ಕಡೆ ಹೋಗುತ್ತದೋ ಎಂಬುದನ್ನು ಆ ಪಾಠಗಳು ತೀರ್ಮಾನಿಸುವುದಿಲ್ಲ. ಬೆಂಡೆಕಾಯಿಯನ್ನು ಬೇಗ ಮಾಡಲು ಬರಬೇಕು, ಮಾಡಿದ್ದು ರುಚಿಯಾಗಬೇಕು. ಆಗ ಮಾತ್ರ ಕೈ ಅತ್ತ ಹೋಗುತ್ತದೆ.

ನಾನು ಧಾರವಾಡದವಳು. ಅಲ್ಲಿ ಗೃಹವಿಜ್ಞಾನ ಓದಿ, ಮೈಸೂರಿನ ರಘು ಅವರನ್ನು ಮದುವೆಯಾಗಿ ಹ್ಯೂಸ್ಟನ್ನಿಗೆ ಬಂದೆ. ಇಲ್ಲಿ ಮತ್ತೆ ಓದಿ, ಪರೀಕ್ಷೆ ಕಟ್ಟಿ, ಮೆಡಿಕಲ್ ಸೆಂಟರಿನ ಒಂದು ಆಸ್ಪತ್ರೆಯಲ್ಲಿ ನಿವೃತ್ತಿಯವರೆಗೂ ದುಡಿದೆ. ಯಾವಾಗ ಸೀನಿಯರ್ ಆದೆ, ಯಾವಾಗ ಕಿಟಕಿಯಿರುವ ಕೋಣೆ ಸಿಕ್ಕಿತು ಎಂಬುದನ್ನೆಲ್ಲ ಬರೆದರೆ ಓದುವವರಿಗೆ ಪ್ರಯೋಜನವಿಲ್ಲ. ಎರಡು ಸಾವಿರದ ಹತ್ತರ ನಂತರದ ವರ್ಷಗಳಲ್ಲಿ, ಮೇಜು ಬಿಟ್ಟು ಒಲೆಯ ಮುಂದೆ ನಿಂತು ನಾನು ಮಾಡಿದ ಕೆಲಸವನ್ನಷ್ಟೇ ಹೇಳುತ್ತೇನೆ. ಆ ಕೆಲಸದ ಬಗ್ಗೆ ನನಗೆ ಹೆಮ್ಮೆಯಿದೆ. ವಿನಯ ತೋರಿಸುವುದಕ್ಕಾಗಿ ಅದನ್ನು ಮುಚ್ಚಿಡುವವಳು ನಾನಲ್ಲ.

ಮೇಜು ಬಿಡುವಂತೆ ಮಾಡಿದವನು ವೇನ್ ಎಂಬ ರೋಗಿ. ಎಣ್ಣೆ ಶುದ್ಧೀಕರಣದ ಕಾರ್ಖಾನೆಯಲ್ಲಿ ವೆಲ್ಡರ್ ಆಗಿದ್ದು ನಿವೃತ್ತನಾದವನು, ಬಾಗಿಲಿನಷ್ಟು ಅಗಲದ ಆಳು. ಸಕ್ಕರೆ, ಬಿಪಿ ಎರಡೂ ಇದ್ದವು. ಜೊತೆಯಲ್ಲಿ ಹೆಂಡತಿ ಬೆಟ್ಟಿ, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ನಾನು ಎಲ್ಲರಿಗೂ ಕೊಡುವಂತೆ ಬಣ್ಣದ ಹಾಳೆಯೊಂದನ್ನು ಕೊಟ್ಟೆ. ಅದರಲ್ಲಿ ತಟ್ಟೆಯ ಚಿತ್ರ. ತಟ್ಟೆಯ ಅರ್ಧ ಭಾಗ ಹಸಿರು ತರಕಾರಿ. ವೇನ್ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಮ್ಯಾಮ್, ಇದರಲ್ಲಿರೋದನ್ನ ತಿನ್ನೋದಕ್ಕಿಂತ ಈ ಕಾಗದಾನೇ ತಿನ್ನೋದು ವಾಸಿ" ಎಂದ.

"ತರಕಾರಿ ತಿಂದು ನೋಡಿದ್ದೀರಾ?" ಎಂದೆ.

"ಬೆಟ್ಟಿ ಒಂದು ವಾರ ಬ್ರೊಕೊಲಿ ಬೇಯಿಸಿ ಹಾಕಿದಳು. ಒದ್ದೆ ಸ್ಪಂಜು ಅಗಿದ ಹಾಗಿತ್ತು."

ಬೆಟ್ಟಿಗೆ ಸಿಟ್ಟು ಬಂತು. ಹಾಳೆಯ ಮೇಲೆ ಬೆರಳಿಟ್ಟು, "ನೀರಲ್ಲಿ ಬೇಯಿಸಿ ಅಂತ ಇಲ್ಲೇ ಬರೆದಿದ್ದಾರಲ್ಲ. ನಾನೇನು ಮಾಡ್ಲಿ?" ಎಂದಳು.

ಅವಳ ಮಾತು ಸರಿಯಾಗಿತ್ತು. ಆ ಹಾಳೆಯನ್ನು ಅಷ್ಟು ವರ್ಷ ಹಂಚಿದ್ದ ನಾನು ನನ್ನ ಮನೆಯಲ್ಲಿ ಒಂದು ದಿನವಾದರೂ ತರಕಾರಿಯನ್ನು ನೀರಿನಲ್ಲಿ ಕುದಿಸಿ, ಬಸಿದು, ಹಾಗೇ ತಟ್ಟೆಗೆ ಹಾಕಿರಲಿಲ್ಲ. ಹಿತ್ತಲಲ್ಲಿ ಏನು ಬೆಳೆಯುತ್ತೀರಿ ಎಂದು ಬೆಟ್ಟಿಯನ್ನು ಕೇಳಿದೆ. ಬೆಂಡೆಕಾಯಿ, ಟೊಮ್ಯಾಟೊ ಎಂದಳು. ಟೆಕ್ಸಸ್ಸಿನವರಿಗೆ ಬೆಂಡೆಕಾಯಿ ನಮ್ಮಷ್ಟೇ ಹಳೆಯ ನೆಂಟ. ಆದರೆ ಅವರು ಅದನ್ನು ಮೆಕ್ಕೆಜೋಳದ ಹಿಟ್ಟಿನಲ್ಲಿ ಹೊರಳಿಸಿ ಎಣ್ಣೆಯಲ್ಲಿ ಮುಳುಗಿಸಿ ಕರಿಯುತ್ತಾರೆ. ಕರಿದದ್ದನ್ನು ಬಿಟ್ಟರೆ ಲೋಳೆ, ಮುಟ್ಟಲಾರೆ ಎಂದ ವೇನ್.

ಲೋಳೆಗೆ ಕಾರಣ ನೀರು. ಮೇಜಿನ ಮೇಲಿದ್ದ ಪೆನ್ನನ್ನೇ ಬೆಂಡೆಕಾಯಿ ಎಂದುಕೊಳ್ಳಿ ಎಂದು, ಟಿಶ್ಯೂ ಕಾಗದದಿಂದ ಹೇಗೆ ಒರೆಸಬೇಕು ಎಂದು ತೋರಿಸಿದೆ. ತೊಳೆಯುವುದೆಲ್ಲ ಹೆಚ್ಚುವುದಕ್ಕೆ ಮೊದಲೇ ಆಗಬೇಕು. ತೇವ ಪೂರ್ತಿ ಆರಿದ ಮೇಲೆ ಉದ್ದಕ್ಕೆ ಸೀಳಬೇಕು, ಒಂದಿಷ್ಟು ಎಣ್ಣೆ ಸವರಿ ಓವನ್ನಿನ ಟ್ರೇಯಲ್ಲಿ ಒಂದರ ಮೇಲೊಂದು ಬೀಳದಂತೆ ಹರಡಬೇಕು. ಓವನ್ ಚೆನ್ನಾಗಿ ಕಾದಿರಬೇಕು. ಅಂಚು ಕಂದುಬಣ್ಣಕ್ಕೆ ಬಂದ ಮೇಲೆ ಹೊರಗೆ ತೆಗೆದು ಉಪ್ಪು, ಖಾರದಪುಡಿ, ನಿಂಬೆರಸ. ಬೆಟ್ಟಿ ಪೆನ್ನನ್ನು ನನ್ನ ಕೈಯಿಂದ ತೆಗೆದುಕೊಂಡು ತಾನೂ ಒಮ್ಮೆ ಒರೆಸಿದಳು.

ಮುಂದಿನ ಭೇಟಿಗೆ ಬಂದಾಗ ವೇನ್ ಕೂರುವುದಕ್ಕೂ ಮೊದಲೇ, "ಮ್ಯಾಮ್, ಊಟದ ಮೇಜಿಗೆ ಬರೋ ತನಕ ಒಂದೂ ಉಳಿಯಲಿಲ್ಲ" ಎಂದ. ಟ್ರೇಯಿಂದಲೇ ನಿಂತುಕೊಂಡು ತಿಂದಿದ್ದನಂತೆ. ಅವತ್ತು ಆಸ್ಪತ್ರೆಯ ಕಾರಿಡಾರಿನಲ್ಲಿ ನನ್ನ ನಡಿಗೆಯೇ ಬೇರೆಯಾಗಿತ್ತು. ಹಾಳೆಗೆ ಆಗದ ಕೆಲಸ ಒಂದು ಪೆನ್ನು, ಒಂದು ಟಿಶ್ಯೂ ಕಾಗದದಿಂದ ಆಗಿತ್ತು. ನಿಜವಾದ ಒಲೆ, ನಿಜವಾದ ತರಕಾರಿ ಇದ್ದರೆ ಇನ್ನೇನಾಗಬಹುದು ಎಂದು ಯೋಚಿಸಿ ನಮ್ಮ ವಿಭಾಗದ ಮುಖ್ಯಸ್ಥೆ ಕ್ಯಾರಲ್ ಹತ್ತಿರ ಹೋದೆ.

ಕ್ಯಾರಲ್ ಸೇನೆಯಲ್ಲಿ ನರ್ಸ್ ಆಗಿದ್ದವಳು. ನೆಟ್ಟಗೆ ನಡೆಯುವವಳು, ನೆಟ್ಟಗೆ ಮಾತಾಡುವವಳು. "ಇದು ಆಸ್ಪತ್ರೆ, ವತ್ಸಲಾ. ಹೋಟೆಲ್ ಅಲ್ಲ" ಎಂದಳು. ನಾನು ಬಿಡಲಿಲ್ಲ. ಹೋದಾಗಲೆಲ್ಲ ಒಂದೊಂದು ರೋಗಿಯ ಕಥೆ ಹೇಳಿದೆ. ಕೊನೆಗೆ ಹೊರರೋಗಿಗಳ ಕಟ್ಟಡದಲ್ಲಿ ಮೀಟಿಂಗ್ ನಡೆಸುವ ಒಂದು ಕೋಣೆಯನ್ನೂ, ಒಂದು ಕರೆಂಟ್ ಒಲೆಯನ್ನೂ ಕೊಟ್ಟಳು. ಸರಿಹೋಗದಿದ್ದರೆ ಮರುದಿನವೇ ನಿಲ್ಲಿಸುವುದಾಗಿ ಮೊದಲೇ ಹೇಳಿದಳು.

ಮೊದಲ ತರಗತಿಗೆ ಬಂದವರಲ್ಲಿ ಬಿಳಿಯರು, ಕರಿಯರು, ಮೆಕ್ಸಿಕೊ ಮೂಲದವರು, ಒಬ್ಬ ವಿಯೆಟ್ನಾಮಿನ ಅಜ್ಜ ಎಲ್ಲರೂ ಇದ್ದರು. ಎಲೆಕೋಸಿನ ಪಲ್ಯ ಮಾಡಿದೆ. ಸಾಸಿವೆ, ಉದ್ದಿನಬೇಳೆ, ಹಸಿಮೆಣಸಿನಕಾಯಿ, ಕರಿಬೇವು. ಕೋಸು ತನ್ನ ನೀರಿನಲ್ಲಿ ತಾನೇ ಬೇಯುತ್ತದೆ, ಒಂದು ಹನಿಯನ್ನೂ ಸೇರಿಸಬೇಡಿ ಎಂದೆ. ಕೊನೆಯಲ್ಲಿ ತೆಂಗಿನತುರಿ, ನಿಂಬೆಹಣ್ಣು. ಎಲ್ಲರಿಗೂ ಕಾಗದದ ಬಟ್ಟಲಿನಲ್ಲಿ ಹಂಚಿದೆ. ತಿಂದವರ ಮುಖ ಅರಳಿತು. ನಾನು ಉಬ್ಬಿಹೋದೆ. ಅದೇ ಉಬ್ಬಿನಲ್ಲಿ ಎರಡನೆಯದಾಗಿ ಬೀನ್ಸ್ ಪಲ್ಯಕ್ಕೆ ಎಣ್ಣೆ ಕಾಯಲು ಇಟ್ಟೆ. ಅಷ್ಟರಲ್ಲಿ ಯಾರೋ ಉದ್ದಿನಬೇಳೆಯ ಬಗ್ಗೆ ಏನೋ ಕೇಳಿದರು. ನಾನು ಅವರ ಕಡೆ ತಿರುಗಿ ಉತ್ತರ ಹೇಳುತ್ತಾ ನಿಂತೆ. ಎಣ್ಣೆ ಮಿತಿಮೀರಿ ಕಾಯಿತು. ಒಣಮೆಣಸಿನಕಾಯಿ ಹಾಕಿದ್ದೇ ತಡ, ಕರ್ರಗಾಗಿ ಘಾಟು ಎದ್ದಿತು. ಎಲ್ಲರೂ ಕೆಮ್ಮತೊಡಗಿದರು. ತಲೆಯ ಮೇಲಿನ ಬೆಂಕಿ ಎಚ್ಚರಿಕೆಯ ಗಂಟೆ ಕಿರುಚಿತು. ಇಡೀ ಕಟ್ಟಡ ಖಾಲಿಯಾಗಿ ನಾವೆಲ್ಲ ಪಾರ್ಕಿಂಗ್ ಲಾಟಿನಲ್ಲಿ ನಿಂತೆವು. ಹ್ಯೂಸ್ಟನ್ನಿನ ಆಗಸ್ಟ್ ತಿಂಗಳ ಬಿಸಿಲು. ಡಾಂಬರು ಚಪ್ಪಲಿಗೆ ಅಂಟುತ್ತಿತ್ತು.

ಕ್ಯಾರಲ್ ನನ್ನನ್ನು ಹುಡುಕಿಕೊಂಡು ಬಂದಳು. "ಒಂದು ಬೀನ್ಸಿಗಾಗಿ ಇಷ್ಟು ಜನರನ್ನ ಬೀದಿಗೆ ತಂದೆಯಾ?" ಎಂದಳು. ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಆಗ ಅವಳ ಕಣ್ಣು ಸುತ್ತಲಿದ್ದ ನನ್ನ ರೋಗಿಗಳ ಮೇಲೆ ಬಿತ್ತು. ಎಲ್ಲರೂ ಕಾಗದದ ಬಟ್ಟಲು ಹಿಡಿದುಕೊಂಡೇ ಓಡಿಬಂದಿದ್ದರು. ಗಂಟೆಯ ಗದ್ದಲದಲ್ಲೂ ಯಾರೂ ಕೋಸನ್ನು ಬಿಟ್ಟುಬಂದಿರಲಿಲ್ಲ. ಬಿಸಿಲಲ್ಲಿ ನಿಂತು ತಿನ್ನುತ್ತಿದ್ದರು. ಒಬ್ಬ ಹೆಂಗಸು ಕ್ಯಾರಲ್‌ಗೆ ಚಮಚ ಚಾಚಿ, "ತಿಂದು ನೋಡಿ, ಆಮೇಲೆ ಬೈಯಿರಿ" ಎಂದಳು. ಕ್ಯಾರಲ್ ತಿಂದಳು. ಬಟ್ಟಲಿನೊಳಗೆ ಇಣುಕಿ ನೋಡಿದಳು.

"ಇದು ಎಲೆಕೋಸಾ?"

"ಹೌದು."

"ನಾಳೆಯಿಂದ ಕೆಫೆಟೇರಿಯಾದ ಅಡುಗೆಮನೆಯಲ್ಲಿ ಮಾಡು. ಅಲ್ಲಿ ಹೊಗೆ ಎಳೆಯೋ ಚಿಮಣಿ ಇದೆ. ಇನ್ನೊಂದು ಸಲ ಗಂಟೆ ಹೊಡೆದರೆ ಮಾತ್ರ ನಾನು ಕೋಸಿನ ರುಚಿ ನೋಡೋದಿಲ್ಲ."

ಅವತ್ತಿನಿಂದ ನನ್ನ ಒಗ್ಗರಣೆಯ ಕ್ರಮ ಬದಲಾಯಿತು. ಕಾದ ಎಣ್ಣೆಗೆ ಸಾಸಿವೆ ಹಾಕುವುದು ನುರಿತ ಕೈಗೆ ಸರಿ. ಹೊಸಬರಿಗೆ ಬೇರೆ ದಾರಿ ಬೇಕು. ತಣ್ಣನೆಯ ಎಣ್ಣೆಗೇ ಸಾಸಿವೆ ಹಾಕಿ, ಮುಚ್ಚಳ ಮುಚ್ಚಿ, ಹದವಾದ ಉರಿಯಲ್ಲಿಟ್ಟು, ಚಟಪಟ ಸದ್ದು ನಿಲ್ಲುವ ತನಕ ಕಿವಿಗೊಡಿ ಎಂದು ಕಲಿಸಿದೆ. ಒಣಮೆಣಸಿನಕಾಯಿ ಒಲೆ ಆರಿಸಿದ ಮೇಲೆ. ಹೊಗೆಯಿಲ್ಲ, ಘಾಟಿಲ್ಲ, ಸಾಸಿವೆ ಕಣ್ಣಿಗೆ ಹಾರುವ ಭಯವಿಲ್ಲ. ಗಂಟೆ ಮತ್ತೆ ಹೊಡೆಯಲಿಲ್ಲ. ತರಗತಿ ತುಂಬತೊಡಗಿತು. ಕ್ರಮೇಣ ನಮ್ಮ ಆಸ್ಪತ್ರೆಯ ಬಳಗಕ್ಕೇ ಸೇರಿದ ಡಲ್ಲಾಸ್, ಆಸ್ಟಿನ್ ಶಾಖೆಗಳಿಂದಲೂ ಬಂದು ಕಲಿಸಿ ಎಂಬ ಕರೆ ಬಂತು. ಸೂಟ್‌ಕೇಸಿನಲ್ಲಿ ಸೀರೆಗಿಂತ ಹೆಚ್ಚು ಮಸಾಲೆ ಡಬ್ಬಿಗಳನ್ನು ಇಟ್ಟುಕೊಂಡು ಓಡಾಡಿದೆ.

ಡಲ್ಲಾಸಿನ ತರಗತಿಯಲ್ಲಿ ಸಿಕ್ಕವನು ಶ್ರೀಧರ. ಫ್ಲವರ್ ಮೌಂಡಿನಲ್ಲಿ ಮನೆ, ಗಂಡ ಹೆಂಡತಿ ಇಬ್ಬರಿಗೂ ಐಟಿ ಕೆಲಸ. ಅವನಿಗೆ ನಲವತ್ತಕ್ಕೇ ಸಕ್ಕರೆ ಕಾಯಿಲೆ ಬಂದಿತ್ತು. ನಾನು ಕನ್ನಡದವಳು ಎಂದು ಗೊತ್ತಾದ ಕೂಡಲೇ, "ಮೇಡಂ, ನಾವು ಪ್ಯೂರ್ ವೆಜ್. ತರಕಾರಿ ವಿಷ್ಯದಲ್ಲಿ ನಮ್ಗೆ ಪ್ರಾಬ್ಲಮ್ಮೇ ಇಲ್ಲ. ಇವತ್ತು ಊಟಕ್ಕೆ ನಮ್ಮನೆಗೇ ಬನ್ನಿ" ಎಂದ.

ಹೋದೆ. ಹೆಂಡತಿ ಪಲ್ಲವಿ ಪ್ರೀತಿಯಿಂದ ಮಾಡಿದ್ದಳು. ಬಿಸಿಬೇಳೆ ಬಾತು, ಬೂಂದಿ, ಪೂರಿ, ಆಲೂಗಡ್ಡೆ ಸಾಗು, ಮೊಸರನ್ನ. ತಟ್ಟೆಯ ಮೂಲೆಯಲ್ಲಿ ಉಪ್ಪಿನಕಾಯಿಯ ಅಳತೆಯಲ್ಲಿ ಬೀನ್ಸ್ ಪಲ್ಯ. ಊಟ ಬಹಳ ರುಚಿಯಾಗಿತ್ತು. ಕೈ ತೊಳೆದು ಬಂದ ಮೇಲೆ ಕೇಳಿದೆ: "ಶ್ರೀಧರ, ನಾವು ತಿಂದದ್ದರಲ್ಲಿ ತರಕಾರಿ ಎಷ್ಟಿತ್ತು, ನೀವೇ ಹೇಳಿ."

ಅವನು ಬಿಸಿಬೇಳೆ ಬಾತಿನ ಪಾತ್ರೆಯ ಕಡೆ ನೋಡಿದ. ಬಟಾಣಿ ಎಂದ, ಕ್ಯಾರೆಟ್ ಎಂದ. ಆಮೇಲೆ ತಾನೇ ನಕ್ಕುಬಿಟ್ಟ. "ಅಕ್ಕಿ ತಿನ್ನೋರಿಗೆ ವೆಜ್ ಅಂತ ಹೆಸರಿಟ್ಕೊಂಡಿದೀವಿ ಅನ್ನಿ!"

ಪಲ್ಲವಿ ನಗಲಿಲ್ಲ. "ಮೇಡಂ, ನಂಗೂ ಬೆಳಿಗ್ಗೆಯಿಂದ ಸಂಜೆವರೆಗೂ ಆಫೀಸು. ಬೀನ್ಸ್ ಹೆಚ್ಚೋಕೆ ಕೂತ್ರೆ ಅಷ್ಟರಲ್ಲಿ ಅನ್ನ, ಸಾರು ಎರಡೂ ಆಗೋಗುತ್ತೆ. ಹೆಚ್ಚೋರು ಯಾರು, ಹೇಳಿ?" ಎಂದಳು.

ಹುಡುಗಿಯರೇ, ಈ ಪ್ರಶ್ನೆಯನ್ನು ನೆನಪಿಡಿ. ರೋಗಿ ತರಕಾರಿ ತಿನ್ನುತ್ತಿಲ್ಲ ಎಂದರೆ ಮನೆಯಲ್ಲಿ ಹೆಚ್ಚುವವರು ಯಾರು ಎಂದು ಮೊದಲು ಕೇಳಿ. ಮರುದಿನ ತರಗತಿ ಮುಗಿಸಿ, ಎರಡು ದೊಡ್ಡ ಹೂಕೋಸು ಹಿಡಿದುಕೊಂಡು ಮತ್ತೆ ಅವರ ಮನೆಗೆ ಹೋದೆ. ಶ್ರೀಧರನನ್ನೇ ನಿಲ್ಲಿಸಿ, ಚಾಕು ಮುಟ್ಟದೆ ಕೈಯಿಂದಲೇ ಹೂಗಳನ್ನು ಮುರಿಸಿದೆ. ಎಣ್ಣೆ, ಉಪ್ಪು, ಮನೆಯಲ್ಲಿದ್ದ ಹುಳಿಪುಡಿ ಒಂದೆರಡು ಚಮಚ. ಕಲಸಿ ಟ್ರೇಯಲ್ಲಿ ಹರಡಿ ಕಾದ ಓವನ್ನಿಗೆ ತಳ್ಳಿದೆವು. ಇನ್ನೊಂದು ಟ್ರೇಯಲ್ಲಿ ಅಂಗಡಿಯಿಂದ ತಂದ ಫ್ರೋಜನ್ ಬೀನ್ಸ್, ಐಸು ಕರಗಿಸುವ ಗೋಜಿಗೆ ಹೋಗದೆ ಹಾಗೇ. ಅವು ಬೇಯುವಷ್ಟು ಹೊತ್ತು ಪಲ್ಲವಿಯನ್ನು ಸೋಫಾದಲ್ಲಿ ಕೂರಿಸಿ ಕಾಫಿ ಕೊಟ್ಟೆ. "ನಮ್ಮನೇಲಿ ನಂಗೇ ಕಾಫಿ!" ಎಂದು ಅವಳು ಕಾಲು ಚಾಚಿದಳು.

ಓವನ್ ತೆರೆದಾಗ ಹುರಿದ ಕೊತ್ತಂಬರಿಯ ಪರಿಮಳ ಮನೆಯಲ್ಲೆಲ್ಲ ಹರಡಿತು. ಅವರ ಮಗಳು ನಿಧಿ ಮಾಳಿಗೆಯಿಂದ ಇಳಿದು ಬಂದಳು. ಟ್ರೇಯಿಂದ ಒಂದು ತೆಗೆದು ಬಾಯಿಗೆ ಹಾಕಿಕೊಂಡಳು. "ಅಮ್ಮಾ, ಕ್ಯಾನ್ ಐ ಹ್ಯಾವ್ ಆಲ್ ದ ಕ್ರಿಸ್ಪಿ ಒನ್ಸ್?"

"ಏಯ್, ಅಪ್ಪಂಗೂ ಬಿಡು" ಎಂದಳು ಪಲ್ಲವಿ.

ಹೊರಡುವ ಮುಂಚೆ ಅವರ ಊಟದ ಮೇಜಿನ ಮೇಲೆ ಒಂದೇ ಒಂದು ಬದಲಾವಣೆ ಮಾಡಿದೆ. ಅನ್ನದ ಪಾತ್ರೆಯಲ್ಲಿದ್ದ ದೊಡ್ಡ ಸೌಟನ್ನು ಪಲ್ಯಕ್ಕಿಟ್ಟೆ, ಪಲ್ಯದ ಸಣ್ಣ ಚಮಚವನ್ನು ಅನ್ನಕ್ಕಿಟ್ಟೆ. ಬಡಿಸುವಾಗ ಇಷ್ಟು ಪಾಲಿಸಿ, ಬೇರೆ ಲೆಕ್ಕ ಬೇಡ ಎಂದೆ. ಕೆಲವು ತಿಂಗಳ ನಂತರ ಪಲ್ಲವಿ ಫೋನ್ ಮಾಡಿ, ಡಾಕ್ಟರು ಶ್ರೀಧರನ ಒಂದು ಮಾತ್ರೆ ನಿಲ್ಲಿಸಿದರೆಂದು ಹೇಳಿದಳು. ಆಮೇಲೆ ಧ್ವನಿ ತಗ್ಗಿಸಿ, "ಈಗ ಹೂಕೋಸು ಅವ್ರೇ ಮುರೀತಾರೆ ಮೇಡಂ" ಎಂದಳು. ಅವಳಿಗೆ ಮಾತ್ರೆ ಕಡಿಮೆಯಾದದ್ದಕ್ಕಿಂತ ಅದೇ ಹೆಚ್ಚು ಸಂತೋಷದ ಸುದ್ದಿ ಎನ್ನಿಸಿತು ನನಗೆ.

ಆಸ್ಟಿನ್ನಿನಲ್ಲಿ ತರಗತಿ ಮುಗಿದ ಮೇಲೆ ಅಲ್ಲಿನ ಯೂನಿವರ್ಸಿಟಿಯಲ್ಲಿ ಓದುವ ನಮ್ಮ ಕಡೆಯ ಹುಡುಗರು ಕೆಲವರು ತಮ್ಮ ಅಪಾರ್ಟ್‌ಮೆಂಟಿಗೆ ಕರೆದರು. ಅವರ ಆಸ್ತಿ ಒಂದು ಬಾಣಲೆ, ಒಂದು ಮೊಂಡು ಚಾಕು, ಕಪಾಟಿನ ತುಂಬ ನೂಡಲ್ಸ್. ವಿಜಯಪುರದ ಇಮ್ರಾನ್ ಬಾಗಿಲಲ್ಲೇ, "ಬರ್ರಿ ಆಂಟಿ, ಒಳಗ ಬರ್ರಿ" ಎಂದಾಗ ನನಗೆ ಧಾರವಾಡದ ಓಣಿಗೆ ಕಾಲಿಟ್ಟಂತಾಯಿತು. ನನ್ನ ಮಾತೂ ತಾನಾಗಿಯೇ ಆ ಕಡೆ ಹೊರಳಿತು.

"ಕಾಯಿಪಲ್ಯ ತರ್ತೀರೇನಪಾ?" ಎಂದೆ.

"ತರ್ತೀವ್ರಿ. ಫ್ರಿಜ್‌ನ್ಯಾಗ ಇಡ್ತೀವಿ, ಕೊಳೀತಾವ, ಒಗೀತೀವ್ರಿ" ಎಂದ. ಮುಚ್ಚುಮರೆಯಿಲ್ಲದ ಆ ಉತ್ತರ ನನಗೆ ಹಿಡಿಸಿತು.

ಫ್ರಿಜ್ಜಿನಲ್ಲಿ ಬದನೆಕಾಯಿಗಳು ಸುಕ್ಕುಗಟ್ಟಲು ಶುರುವಾಗಿದ್ದವು. ಊರಿನಿಂದ ತಾಯಿ ಕಳಿಸಿದ ಗುರೆಳ್ಳು ಚಟ್ನಿಪುಡಿಯ ಪೊಟ್ಟಣ ಕಪಾಟಿನಲ್ಲಿತ್ತು. ರೊಟ್ಟಿಯಿಲ್ಲದೆ ಅದನ್ನು ಹೇಗೆ ತಿನ್ನುವುದು ಎಂದು ಅವನು ಮುಟ್ಟಿರಲಿಲ್ಲ. "ಇದನ್ನ ರೊಟ್ಟಿಗಷ್ಟ ಅಂತ ಯಾರ್ ಹೇಳ್ಯಾರ?" ಎಂದು ಬದನೆಕಾಯಿಗಳನ್ನು ಬೆರಳುದ್ದ ಸೀಳಿಸಿದೆ. ಬಾಣಲೆಯಲ್ಲಿ ಎಣ್ಣೆ ಬಿಟ್ಟು, ಕತ್ತರಿಸಿದ ಬದಿ ಕೆಳಗೆ ಬರುವಂತೆ ಜೋಡಿಸಿ, ಅಲುಗಾಡಿಸದೆ ಬಿಟ್ಟೆವು. ಅಡಿ ಕೆಂಪಗಾದ ಮೇಲೆ ತಿರುವಿಹಾಕಿ, ನೀರು ಚಿಮುಕಿಸಿ ಮುಚ್ಚಿದೆವು. ಮೆತ್ತಗಾದ ಮೇಲೆ ಉಪ್ಪು, ಗುರೆಳ್ಳು ಪುಡಿ, ಚೂರು ಬೆಲ್ಲ, ಹುಣಸೆರಸ. ತುಂಬುಗಾಯಿ ಮಾಡುವ ಶ್ರಮವಿಲ್ಲ. ರುಚಿ ಮಾತ್ರ ಅದರ ಹತ್ತಿರಕ್ಕೇ ಬಂದಿತ್ತು.

ಇಮ್ರಾನ್ ಒಂದು ತುಂಡು ತಿಂದ, ಇನ್ನೊಂದು ತಿಂದ. ಆಮೇಲೆ ಊರಿಗೆ ವಿಡಿಯೊ ಕಾಲ್ ಮಾಡಿ ಬಾಣಲೆಯನ್ನು ಫೋನಿನ ಮುಂದೆ ಹಿಡಿದ. ತಾಯಿ ಮಗ ಅರ್ಧ ಉರ್ದು, ಅರ್ಧ ಕನ್ನಡದಲ್ಲಿ ಮಾತಾಡಿಕೊಂಡರು. ಕೊನೆಗೆ ಆಕೆ ನನ್ನನ್ನು ಕರೆದು, "ಅಕ್ಕಾರ, ನಮ್ಮ ಹುಡುಗ ಬದ್ನೀಕಾಯಿ ಅಂದ್ರ ಎದ್ದು ಹೋಗ್ತಿದ್ದ. ಏನ್ ಹಾಕೀರಿ ಅದಕ್ಕ?" ಎಂದರು.

"ನೀವು ಕಳಿಸಿದ ಪುಡೀನ ಹಾಕೀನ್ರೀ" ಎಂದೆ. ಆಕೆಯ ನಗು ಈಗಲೂ ಕಿವಿಯಲ್ಲಿದೆ.

ಇವೆಲ್ಲ ಗೆದ್ದ ಕಥೆಗಳು. ಗೆಲ್ಲುತ್ತೇನೋ ಇಲ್ಲವೋ ಎಂದು ನಾನು ನಿಜವಾಗಿ ಹೆದರಿದ್ದು ಒಂದೇ ಸಲ, ಕೆಲಸದ ಕೊನೆಯ ವರ್ಷದಲ್ಲಿ.

ಡಾಕ್ಟರ್ ಅನಂತ ನಿವೃತ್ತ ಅರಿವಳಿಕೆ ತಜ್ಞರು. ಹ್ಯೂಸ್ಟನ್ನಿನ ಹೊರಗೆ ಫುಲ್‌ಶೀರಿನ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಕೊಂಡಿದ್ದರು. ಅವರ ಹೆಂಡತಿ ಕುಸುಮಾ ನಮ್ಮ ಕಡೆಯವರ ನಡುವೆ ಹೆಸರುವಾಸಿ ಅಡುಗೆಯವರು. ಪೇರ್ಲ್ಯಾಂಡಿನ ದೇವಸ್ಥಾನದಲ್ಲಿ ಆಕೆಯ ಪುಳಿಯೋಗರೆ ಇದೆ ಎಂದರೆ ಸಾಲು ಬೆಳೆಯುತ್ತಿತ್ತು. ಅಂಥ ಕುಸುಮಾಗೆ ಕ್ಯಾನ್ಸರ್ ಬಂತು. ಚಿಕಿತ್ಸೆ ಶುರುವಾದ ಮೇಲೆ ಬಾಯಿರುಚಿ ಹೋಯಿತು. ಏನು ತಿಂದರೂ ಕಬ್ಬಿಣ ನೆಕ್ಕಿದ ಹಾಗೆ, ಇಲ್ಲವೇ ಕಹಿ. ಒಗ್ಗರಣೆಯ ವಾಸನೆ ಬಂದರೆ ಮುಖ ತಿರುಗಿಸುತ್ತಿದ್ದರು. ಸ್ನೇಹಿತರು ಸರದಿಯ ಮೇಲೆ ತಂದುಕೊಟ್ಟ ಊಟದ ಡಬ್ಬಿಗಳು ತೆರೆಯದೆ ಹಾಗೇ ಉಳಿಯುತ್ತಿದ್ದವು. ತೂಕ ಇಳಿಯುತ್ತಾ ಹೋಯಿತು. ಹೀಗೇ ಇಳಿದರೆ ಚಿಕಿತ್ಸೆಯನ್ನು ನಡುವೆ ನಿಲ್ಲಿಸಬೇಕಾಗುತ್ತದೆ ಎಂದು ಆಕೆಯ ಡಾಕ್ಟರು ಎಚ್ಚರಿಸಿದ್ದರು.

ಅನಂತ ನನಗೆ ಫೋನ್ ಮಾಡಿದರು. "ವತ್ಸಲಾ ಅವ್ರೇ, ನಂಗೆ ಕಾಫಿ ಮಾಡೋಕೂ ಬರಲ್ಲ. ಆದ್ರೆ ಅಡುಗೆ ಕಲೀಬೇಕು."

"ಡಾಕ್ಟ್ರೇ, ಮಾಡೋಕೆ ಯಾರನ್ನಾದ್ರೂ ಗೊತ್ತು ಮಾಡೋಣ" ಎಂದೆ.

"ಬೇರೆಯವ್ರು ಮಾಡಿದ್ದನ್ನ ಅವಳು ಮುಟ್ತಿಲ್ಲ. ನಾನು ಮಾಡಿದ್ರೆ ದಾಕ್ಷಿಣ್ಯಕ್ಕಾದ್ರೂ ಒಂದು ತುತ್ತು ತಿಂತಾಳೇನೋ."

ಅವರ ಮನೆಯ ಅಡುಗೆಮನೆ ದೊಡ್ಡದು. ಅದರಲ್ಲಿ ಅವರು ದಾರಿ ತಪ್ಪಿದವರಂತೆ ನಿಂತಿದ್ದರು. ವಾಸನೆ ಹರಡದಿರಲೆಂದು ಕುಸುಮಾ ಮಲಗಿದ್ದ ಕೋಣೆಯ ಬಾಗಿಲು ಮುಚ್ಚಿ, ಒಲೆಯ ಮೇಲಿನ ಫ್ಯಾನ್ ಹಾಕಿದೆವು. ರೋಗನಿರೋಧಕ ಶಕ್ತಿ ಕುಗ್ಗಿದವರಿಗೆ ಹಸಿ ತರಕಾರಿ ಬೇಡ, ಬೇಯಿಸಿದ್ದೇ ಆಗಬೇಕು. ಬಿಸಿ ಪದಾರ್ಥ ಹೆಚ್ಚು ವಾಸನೆ ಬಿಡುತ್ತದೆ, ಹಾಗಾಗಿ ತಣ್ಣಗೆ ಮಾಡಿ ಕೊಡಬೇಕು. ಸ್ಟೀಲ್ ಚಮಚ ಬಾಯಿಯ ಕಬ್ಬಿಣದ ರುಚಿಯನ್ನು ಹೆಚ್ಚಿಸೀತು, ಮರದ್ದು ಒಳ್ಳೆಯದು. ಇಷ್ಟು ಹೇಳಿ, ಮೆಕ್ಸಿಕನ್ ಅಂಗಡಿಯಿಂದ ತಂದಿದ್ದ ಸೀಮೆಬದನೆಕಾಯಿಯನ್ನು ಅವರ ಕೈಗಿತ್ತೆ. ಸಿಪ್ಪೆ ತೆಗೆದರು, ಹೆಚ್ಚಿದರು. ಚೂರೇ ನೀರಿನಲ್ಲಿ ಉಪ್ಪು ಹಾಕಿ ಬೇಯಲು ಇಟ್ಟರು. ಇಟ್ಟ ಕ್ಷಣದಿಂದ ಮುಚ್ಚಳ ತೆಗೆದು ನೋಡುವುದೇ ಕೆಲಸವಾಯಿತು.

"ಮುಚ್ಚಳ ತೆಗೀಬೇಡಿ ಡಾಕ್ಟ್ರೇ. ಅದು ಒಳಗೆ ತನ್ನ ಪಾಡಿಗೆ ಬೇಯುತ್ತೆ."

"ಜೀವಮಾನವಿಡೀ ಮಲಗಿದವ್ರನ್ನ ಕಣ್ಣು ಮಿಟುಕಿಸದೆ ಕಾದವನು ನಾನು. ಸುಮ್ನೆ ಬಿಡೋದು ಹೇಗೆ?" ಎಂದರು. ಆದರೂ ಕೈ ಕಟ್ಟಿಕೊಂಡು ನಿಂತರು.

ಬೆಂದ ಹೋಳನ್ನು ಆರಿಸಿ, ಗಟ್ಟಿ ಮೊಸರಿಗೆ ಬೆರೆಸಿ, ಎರಡು ಹನಿ ನಿಂಬೆರಸ ಹಿಂಡಿದೆವು. ಅನಂತ ಪುಟ್ಟ ಬಟ್ಟಲಿನಲ್ಲಿ ಹಾಕಿಕೊಂಡು ಒಳಗೆ ಹೋದರು, ನಾನು ಬಾಗಿಲಲ್ಲಿ ನಿಂತೆ. ಕುಸುಮಾ ಗಂಡನ ಮುಖ ನೋಡಿದರು, ಬಟ್ಟಲು ನೋಡಿದರು. ಒಂದು ಚಮಚ ತಿಂದು, "ಚೆನ್ನಾಗಿದೆ ರೀ" ಎಂದು ಬಟ್ಟಲನ್ನು ಪಕ್ಕಕ್ಕಿಟ್ಟರು. ಬರೀ ದಾಕ್ಷಿಣ್ಯ ಎಂದು ಅನಂತ ಅವರಿಗೂ ನನಗೂ ಗೊತ್ತಾಯಿತು.

ಹೊರಗೆ ಬಂದು ಅನಂತ ಗ್ಯಾರೇಜಿನ ಮೆಟ್ಟಿಲ ಮೇಲೆ ಕುಳಿತರು. "ಆಪರೇಷನ್ ಥಿಯೇಟರ್‌ನಲ್ಲಿ ಮಾನಿಟರ್ ಇರ್ತಿತ್ತು. ಒಂದು ಗೆರೆ ಬದಲಾದ್ರೂ ನಂಗೆ ಗೊತ್ತಾಗ್ತಿತ್ತು. ಇಲ್ಲಿ ನಾನು ಏನನ್ನ ನೋಡ್ಲಿ, ವತ್ಸಲಾ?" ಎಂದು ಕೇಳಿದರು.

"ಬಟ್ಟಲನ್ನ ನೋಡಿ. ಎಷ್ಟು ಉಳೀತು ಅಂತ ನೋಡಿ. ಅವ್ರ ಮಾತು ನಂಬಬೇಡಿ, ಬಟ್ಟಲನ್ನ ನಂಬಿ."

ಅವರು ಹಾಗೇ ಮಾಡಿದರು. ಒಂದಾದ ಮೇಲೊಂದು ತರಕಾರಿ ಪ್ರಯತ್ನಿಸಿದರು. ಪಾಲಕ್ ಸೊಪ್ಪಿನದು ಪೂರ್ತಿ ಉಳಿಯಿತು. ಕ್ಯಾರೆಟ್ಟು ಅರ್ಧ ಉಳಿಯಿತು. ಸಿಹಿಗುಂಬಳವನ್ನು ಓವನ್ನಿನಲ್ಲಿ ಹುರಿದು, ಹುಣಸೆರಸ, ಬೆಲ್ಲ ಹಾಕಿ ಗೊಜ್ಜು ಮಾಡಿದ ದಿನ ಬಟ್ಟಲು ಬಹುಪಾಲು ಖಾಲಿಯಾಗಿತ್ತು. ಹುಳಿ ಸಿಹಿ ಸೇರಿದ್ದು ನಾಲಿಗೆಗೆ ತಾಗುತ್ತಿದೆ ಎಂದು ಗೊತ್ತಾದ ಮೇಲೆ ನಾನು ಅದೇ ದಾರಿ ಹಿಡಿಸಿದೆ. ಸೋರೆಕಾಯಿ, ಸೌತೆಕಾಯಿ, ಟೊಮ್ಯಾಟೊ ಎಲ್ಲದಕ್ಕೂ ಹುಳಿ, ಒಂದು ಚೂರು ಬೆಲ್ಲ. ಮೊದಮೊದಲು ಫೋನಿನಲ್ಲಿ ಪ್ರತಿಯೊಂದನ್ನೂ ಕೇಳುತ್ತಿದ್ದ ಅನಂತ ಆಮೇಲೆ ತಾವೇ ಮಾಡಿ ಮುಗಿಸಿ ಸುದ್ದಿ ಹೇಳತೊಡಗಿದರು.

ಒಂದು ಶನಿವಾರ ಮಧ್ಯಾಹ್ನ ನಾನು ಅವರ ಮನೆಯಲ್ಲಿದ್ದೆ. ಅನಂತ ಬೀನ್ಸ್ ಪಲ್ಯ ಮಾಡಿ ಆರಿಸಿ ಒಳಗೆ ತೆಗೆದುಕೊಂಡು ಹೋದರು. ಕೋಣೆಯಿಂದ ಕುಸುಮಾ ಧ್ವನಿ ಕೇಳಿತು. ಮೆಲ್ಲಗಿತ್ತು, ಆದರೆ ಹರಿತವಾಗಿತ್ತು.

"ರೀ, ಬೀನ್ಸ್ ಹೀಗಾ ಹೆಚ್ಚೋದು? ಒಂದು ಸೌದೆ, ಒಂದು ಕಡ್ಡಿ! ನಮ್ಮತ್ತೆ ಇದ್ದಿದ್ರೆ ವಾಪಸ್ ಕಳಿಸ್ತಿದ್ರು."

ಅನಂತ ಖಾಲಿ ಬಟ್ಟಲು ಹಿಡಿದು ಹೊರಗೆ ಬಂದರು. "ಬೈದಳು" ಎಂದರು. ಕಣ್ಣು ತುಂಬಿತ್ತು, ಮುಖ ನಗುತ್ತಿತ್ತು. "ವತ್ಸಲಾ, ಅವಳು ಬೈದಳು!"

ರೋಗಿ ಹೊಗಳಿದರೆ ನಂಬಬೇಡಿ, ಬೈದರೆ ಹಬ್ಬ ಮಾಡಿ. ಇದನ್ನು ನಾನು ಕಲಿತದ್ದು ಅವತ್ತು. ಆಕೆಯ ತೂಕ ಇಳಿಯುವುದು ನಿಂತಿತು. ಚಿಕಿತ್ಸೆಯನ್ನು ನಡುವೆ ನಿಲ್ಲಿಸಬೇಕಾಗಲಿಲ್ಲ. ಎಲ್ಲ ಸುತ್ತುಗಳೂ ಮುಗಿದವು.

ಅಷ್ಟರಲ್ಲಿ ನನ್ನ ನಿವೃತ್ತಿಯೂ ಆಯಿತು. ಅಡುಗೆಯ ತರಗತಿಯನ್ನು ಮೂರು ಊರುಗಳಲ್ಲೂ ಮುಂದುವರಿಸುವುದೆಂದು ಆಸ್ಪತ್ರೆ ತೀರ್ಮಾನಿಸಿತ್ತು. ಅದನ್ನು ಹೇಳಲು ಕ್ಯಾರಲ್ ತಾನೇ ನಮ್ಮ ಮನೆಗೆ ಬಂದಿದ್ದಳು. ಬಂದವಳು ಎಲೆಕೋಸಿನ ಪಲ್ಯವಿದೆಯೇ ಎಂದು ಕೇಳಿ, ಮಾಡಿಸಿಕೊಂಡು ತಿಂದೇ ಹೋದಳು.

ನಿವೃತ್ತಿಯಾಗಿ ಸ್ವಲ್ಪ ಕಾಲವಾದ ಮೇಲೆ ಒಂದು ಬೆಳಿಗ್ಗೆ ಅನಂತ ಫೋನ್ ಮಾಡಿದರು. ಅವರ ಧ್ವನಿಯಲ್ಲಿ ಗಾಬರಿಯಿತ್ತು.

"ವತ್ಸಲಾ, ಹಾಗಲಕಾಯಿ ಮಾಡೋದು ಹೇಗೆ?"

"ಯಾರಿಗೆ?"

"ಕುಸುಮಾಗೆ. ಎದ್ದವಳೇ ಹಾಗಲಕಾಯಿ ಬೇಕು ಅಂತಿದಾಳೆ."

ಫೋನ್ ಹಿಡಿದುಕೊಂಡೇ ನಾನು ಕುರ್ಚಿಯಲ್ಲಿ ಕುಳಿತೆ. ಚಿಕಿತ್ಸೆ ನಡೆದಷ್ಟು ದಿನ ಆಕೆಯ ಬಾಯಿಯಲ್ಲಿ ಎಲ್ಲವೂ ಕಹಿಯಾಗಿತ್ತು. ಕಹಿಯೆಂದರೆ ನಡುಗುತ್ತಿದ್ದವರು ಈಗ ಕಹಿಯನ್ನು ಬೇಕೆಂದು ಕೇಳುತ್ತಿದ್ದರು. ರಘು ಅವರನ್ನು ಹೊರಡಿಸಿಕೊಂಡು, ದಾರಿ ಮಧ್ಯೆ ಅಂಗಡಿಯಲ್ಲಿ ಎಳೆಯ ಹಾಗಲಕಾಯಿ ಆರಿಸಿಕೊಂಡು ಫುಲ್‌ಶೀರಿಗೆ ಹೋದೆವು.

ನಾನು ಒಲೆಯ ಹತ್ತಿರ ಹೋಗಲಿಲ್ಲ. ಅನಂತ ತೆಳ್ಳಗೆ ಬಿಲ್ಲೆಬಿಲ್ಲೆಯಾಗಿ ಹೆಚ್ಚಿದರು. ಎಲ್ಲ ಬಿಲ್ಲೆಯೂ ಒಂದೇ ಸಮ. ಉಪ್ಪು ಹಚ್ಚಿ ಇಟ್ಟು, ಬಿಟ್ಟ ನೀರನ್ನು ಹಿಂಡಿ, ಬಟ್ಟೆಯ ಮೇಲೆ ಹರಡಿ ಒರೆಸಿದರು. ಎಣ್ಣೆ, ಅರಿಶಿನ, ಖಾರದಪುಡಿ ಸವರಿ ಟ್ರೇಯಲ್ಲಿ ಹರಡಿ ಓವನ್ನಿಗಿಟ್ಟು, ಬಾಗಿಲನ್ನು ಒಮ್ಮೆಯೂ ತೆರೆಯದೆ ಕಾದರು. ಕುಸುಮಾ ತಾವಾಗಿಯೇ ನಡೆದು ಬಂದು ಊಟದ ಮೇಜಿಗೆ ಕೂತರು. ತಲೆಯಲ್ಲಿ ಹೊಸ ಕೂದಲು ಮೊಳೆತಿತ್ತು. ಬಿಸಿ ಅನ್ನ, ತೊವ್ವೆ, ಪಕ್ಕದಲ್ಲಿ ಗರಿಗರಿ ಹಾಗಲಕಾಯಿ. ಒಂದು ಬಿಲ್ಲೆಯನ್ನು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿ ಅಗಿದರು. ನಾವು ಮೂವರೂ ಅವರ ಮುಖವನ್ನೇ ನೋಡುತ್ತಿದ್ದೆವು.

"ಕಹಿ ಇದೆ ರೀ" ಎಂದರು ಕುಸುಮಾ.

ಅನಂತ ಅವಸರದಿಂದ ತಟ್ಟೆಗೆ ಕೈ ಹಾಕಿದರು. "ತೆಗೆದುಬಿಡ್ಲಾ? ಬೆಲ್ಲ ಹಾಕಿ ಗೊಜ್ಜು ಮಾಡ್ಲಾ?"

ಕುಸುಮಾ ಅವರ ಕೈಯನ್ನು ಪಕ್ಕಕ್ಕೆ ಸರಿಸಿದರು.

"ಹಾಗಲಕಾಯಿ ಕಹಿ ಇರ್ದೆ ಇನ್ನೇನಿರುತ್ತೆ? ಇನ್ನೊಂದಿಷ್ಟು ಹಾಕಿ."